ಜಾಲಪುಟದೊಳಗಿನ ವೀಡಿಯೊ: ಅದರ ಬೆಳವಣಿಗೆ, ಪ್ರಯೋಜನ ಮತ್ತು ಆಕರಮೌಲ್ಯ

೧

ಇತಿಹಾಸದ ಆಕರಗಳನ್ನು ಶಾಸನ, ನಾಣ್ಯ, ಕಡತ, ಗ್ರಂಥ, ಪ್ರವಾಸಿಗಳ ಬರಹ ಎಂದು ವಿಂಗಡಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಇಪ್ಪತ್ತನೆಯ ಶತಮಾನದಲ್ಲಿ ಛಾಯಾಚಿತ್ರವೂ ಚಲಚ್ಚಿತ್ರವೂ ಈ ಪಟ್ಟಿಗೆ ಸೇರಿದುವು. ಇಪ್ಪತ್ತೊಂದನೆಯ ಶತಮಾನದ ಮೊದಲ ಕಾಲುಭಾಗದ ಚರಿತ್ರೆಯನ್ನು ಮುಂದೆ ಬರೆಯಲಿರುವವರು ಅಂತರ್ಜಾಲದ ವೀಡಿಯೊಗಳನ್ನು ಬದಿಗಿಟ್ಟು ಬರೆಯಲಾರರು. ಚುನಾವಣೆ, ಯುದ್ಧ, ನ್ಯಾಯವಿಚಾರಣೆ, ಸಾಂಕ್ರಾಮಿಕ ರೋಗ, ಜಾತ್ರೆ, ಉಪನ್ಯಾಸ ಇವೆಲ್ಲವೂ ಆ ರೂಪದಲ್ಲಿ ದಾಖಲಾಗಿವೆ. ಆದರೆ ಆ ದಾಖಲೆ ಯಾವ ವಸ್ತುವಿನಿಂದ ಆದುದು, ಅದನ್ನು ಹೇಗೆ ಉಲ್ಲೇಖಿಸಬೇಕು, ಅದು ಎಷ್ಟು ಕಾಲ ಉಳಿದೀತು ಎಂಬ ಪ್ರಶ್ನೆಗಳನ್ನು ನಮ್ಮ ಇತಿಹಾಸ ವಿಭಾಗಗಳು ಇನ್ನೂ ಸಾಕಷ್ಟು ವಿಚಾರಿಸಿದಂತೆ ಕಾಣುವುದಿಲ್ಲ.

ವೀಡಿಯೊ ಜಾಲಪುಟದ ಅಂಗವಾದುದು ಹೇಗೆ, ಅದರಿಂದ ಕಲೆಗೂ ವ್ಯವಹಾರಕ್ಕೂ ಒದಗಿದ ಪ್ರಯೋಜನಗಳಾವುವು, ಅದನ್ನು ಆಕರವಾಗಿ ಬಳಸುವವನು ಯಾವ ಎಚ್ಚರಗಳನ್ನು ವಹಿಸಬೇಕು ಎಂಬ ಮೂರು ಸಂಗತಿಗಳನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಈ ಮೂರನ್ನೂ ಒಂದೇ ಸೂತ್ರವು ಪೋಣಿಸುತ್ತದೆ. ಎಲ್ಲರಿಗೂ ತೆರೆದ ಲಕ್ಷಣಗಳ ಮೇಲೆ ನಿಂತ ರಚನೆ ಬಾಳಿಕೆಗೆ ಹೆಚ್ಚು ಅರ್ಹವಾಗುತ್ತದೆ. ಒಂದೇ ಸಂಸ್ಥೆಯ ಸಾಧನಕ್ಕೆ ಕಟ್ಟುಬಿದ್ದ ರಚನೆ ಆ ಸಾಧನದೊಡನೆಯೇ ಮರೆಯಾಗುತ್ತದೆ.

೨

ಜಾಲಪುಟವು ಹುಟ್ಟಿದಾಗ ಅಕ್ಷರಗಳ ಪುಟವಾಗಿತ್ತು. ಜಿನೀವದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಮುಂದಿಟ್ಟ ಯೋಜನೆಯ ಗುರಿ, ವಿಜ್ಞಾನಿಗಳ ಬರಹಗಳನ್ನು ಕೊಂಡಿಗಳ ಮೂಲಕ ಒಂದಕ್ಕೊಂದು ಜೋಡಿಸುವುದು. ೧೯೯೩ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ಮೊಸಾಯಿಕ್ ಬ್ರೌಸರು ಸ್ಥಿರಚಿತ್ರವನ್ನು ಅಕ್ಷರಗಳ ನಡುವೆಯೇ ತೋರಿಸಿತು. ಚಲಿಸುವ ಚಿತ್ರವು ಅದೇ ಸ್ಥಾನವನ್ನು ಪಡೆಯಲು ಮುಂದೆ ಹದಿನೈದು ವರ್ಷಗಳಷ್ಟು ಕಾಯಬೇಕಾಯಿತು.

ಈ ನಡುಗಾಲದಲ್ಲಿ ವೀಡಿಯೊ ನೋಡುವವರು ಬ್ರೌಸರಿಗೆ ಹೊರಗಿನಿಂದ ಒಂದು ಉಪಕರಣವನ್ನು ಜೋಡಿಸಿಕೊಳ್ಳಬೇಕಾಗಿತ್ತು. ಇದಕ್ಕೆ ಪ್ಲಗಿನ್ ಎಂದು ಹೆಸರು. ರಿಯಲ್ ಪ್ಲೇಯರ್, ಆಪಲ್ ಸಂಸ್ಥೆಯ ಕ್ವಿಕ್‌ಟೈಮ್, ಮೈಕ್ರೊಸಾಫ್ಟಿನ ವಿಂಡೋಸ್ ಮೀಡಿಯಾ ಪ್ಲೇಯರ್ ಇವು ಪರಸ್ಪರ ಸ್ಪರ್ಧಿಸುತ್ತಿದ್ದುವು. ಒಂದರ ಕಡತವು ಮತ್ತೊಂದರಲ್ಲಿ ತೆರೆಯುತ್ತಿರಲಿಲ್ಲ. ೨೦೦೨ರಲ್ಲಿ ಮ್ಯಾಕ್ರೊಮೀಡಿಯಾ ಸಂಸ್ಥೆಯ ಫ್ಲಾಷ್ ಎಂಬ ಪ್ಲಗಿನ್‌ಗೆ ವೀಡಿಯೊ ತೋರಿಸುವ ಶಕ್ತಿ ಬಂದಿತು. ೨೦೦೫ರಲ್ಲಿ ಆರಂಭವಾದ ಯೂಟ್ಯೂಬ್ ಫ್ಲಾಷನ್ನೇ ಅವಲಂಬಿಸಿತು. ಅದೇ ವರ್ಷದ ಕೊನೆಯಲ್ಲಿ ಮ್ಯಾಕ್ರೊಮೀಡಿಯಾ ಅಡೋಬಿ ಸಂಸ್ಥೆಯ ಸ್ವತ್ತಾಯಿತು. ಕೆಲವೇ ವರ್ಷಗಳಲ್ಲಿ ಅಂತರ್ಜಾಲದ ವೀಡಿಯೊ ಎಂದರೆ ಫ್ಲಾಷ್ ಎಂಬಂಥ ಸ್ಥಿತಿ ಏರ್ಪಟ್ಟಿತು.

ಫ್ಲಾಷ್ ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೂ ಪುಟದ ದೃಷ್ಟಿಯಿಂದ ಅದು ಬೀಗ ಹಾಕಿದ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ನಡೆಯುವುದು ಸಾಮಾನ್ಯವಾಗಿ ಪುಟಕ್ಕೆ ತಿಳಿಯದು. ಒಳಗಿನ ಮಾತನ್ನು ಪುಟದ ಹುಡುಕು ಸೌಲಭ್ಯವು ಕಾಣದು. ಬೀಗದ ಕೈ ಒಂದೇ ಸಂಸ್ಥೆಯ ವಶದಲ್ಲಿತ್ತು. ೨೦೦೭ರ ಫೆಬ್ರವರಿಯಲ್ಲಿ ನಾರ್ವೆ ದೇಶದ ಒಪೆರಾ ಎಂಬ ಬ್ರೌಸರು ಸಂಸ್ಥೆಯು, ಸ್ಥಿರಚಿತ್ರಕ್ಕೆ ಇರುವಂತೆ ವೀಡಿಯೊಗೂ ಪುಟದ ಭಾಷೆಯಲ್ಲಿಯೇ ಒಂದು ಸ್ವತಂತ್ರ ಸಂಕೇತವಿರಲಿ ಎಂದು ಸೂಚಿಸಿತು. ಸಫಾರಿ ೨೦೦೮ರಲ್ಲಿಯೂ, ಫೈರ್‌ಫಾಕ್ಸ್ ಮತ್ತು ಕ್ರೋಮ್ ೨೦೦೯ರಲ್ಲಿಯೂ, ಇಂಟರ್ನೆಟ್ ಎಕ್ಸ್‌ಪ್ಲೋರರ್ ೨೦೧೧ರಲ್ಲಿಯೂ ಇದನ್ನು ಅಳವಡಿಸಿಕೊಂಡುವು.

ಸಂಕೇತದ ವಿಷಯದಲ್ಲಿ ಮೂಡಿದ ಒಮ್ಮತವು ಕಡತದ ಸ್ವರೂಪದ ವಿಷಯದಲ್ಲಿ ಮೂಡಲಿಲ್ಲ. ವೀಡಿಯೊವನ್ನು ಹಿಂಡಿ ಚಿಕ್ಕದು ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ೨೦೦೩ರಲ್ಲಿ ಅಂಗೀಕೃತವಾದ ಎಚ್.೨೬೪ ಎಂಬ ಕೋಡೆಕ್ ಗುಣದಲ್ಲಿ ಮೇಲಾದುದು. ಆದರೆ ಪೇಟೆಂಟುಗಳಿಗೆ ಒಳಪಟ್ಟದ್ದು. ಥಿಯೋರಾ ಎಂಬುದು ಶುಲ್ಕರಹಿತವಾದುದು. ಆದರೆ ನೋಕಿಯಾ, ಆಪಲ್ ಮುಂತಾದ ಸಂಸ್ಥೆಗಳಿಗೆ ಒಪ್ಪಿಗೆಯಾಗಲಿಲ್ಲ. ಥಿಯೋರಾವನ್ನು ಬೆಂಬಲಿಸಬೇಕೆಂದು ಕರಡಿನಲ್ಲಿದ್ದ ಮಾತನ್ನು ೨೦೦೭ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು. ೨೦೧೦ರಲ್ಲಿ ಗೂಗಲ್ ಸಂಸ್ಥೆಯು ವೆಬ್‌ಎಂ ಎಂಬ ಇನ್ನೊಂದು ಮುಕ್ತ ಸ್ವರೂಪವನ್ನು ಹೊರತಂದಿತು. ಕೊನೆಗೆ ಬ್ರೌಸರುಗಳು ಒಂದಕ್ಕಿಂತ ಹೆಚ್ಚು ಕೋಡೆಕ್‌ಗಳನ್ನು ಓದಲು ಕಲಿತದ್ದರಿಂದ ಜಗಳವು ತಣ್ಣಗಾಯಿತು, ತೀರ್ಪಿನಿಂದ ಮುಗಿಯಲಿಲ್ಲ.

ಫ್ಲಾಷಿನ ಅವನತಿಗೆ ಕೈಫೋನು ಮುಖ್ಯ ಕಾರಣವಾಯಿತು. ೨೦೦೭ರಲ್ಲಿ ಬಂದ ಐಫೋನಿನಲ್ಲಿ ಫ್ಲಾಷ್ ಇರಲಿಲ್ಲ. ೨೦೧೦ರ ಏಪ್ರಿಲಿನಲ್ಲಿ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರದಲ್ಲಿ ಅದಕ್ಕೆ ಕಾರಣಗಳನ್ನು ವಿವರಿಸಿದರು. ವೀಡಿಯೊ ಸಂಕೇತವನ್ನು ಒಳಗೊಂಡ ಎಚ್.ಟಿ.ಎಂ.ಎಲ್. ಐದನೆಯ ಆವೃತ್ತಿಯು ೨೦೧೪ರ ಅಕ್ಟೋಬರಿನಲ್ಲಿ ಅಧಿಕೃತ ಮಾನಕವಾಯಿತು. ಮರುವರ್ಷದ ಜನವರಿಯಲ್ಲಿ ಯೂಟ್ಯೂಬ್ ಅದನ್ನೇ ತನ್ನ ರೂಢಿಯ ಮಾರ್ಗವಾಗಿ ಮಾಡಿಕೊಂಡಿತು. ೨೦೨೦ರ ಡಿಸೆಂಬರ್ ೩೧ರಂದು ಅಡೋಬಿ ಸಂಸ್ಥೆಯು ಫ್ಲಾಷ್ ಪ್ಲೇಯರಿಗೆ ಬೆಂಬಲವನ್ನು ನಿಲ್ಲಿಸಿತು.

೩

ವೀಡಿಯೊ ಪುಟದ ಅಂಗವಾಯಿತು ಎಂಬ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಲ್ಲಿ ಗಮನಿಸತಕ್ಕ ಅಂಶಗಳು ನಾಲ್ಕು.

ಮೊದಲನೆಯದು, ಭಾಗಶಃ ಪಡೆಯುವ ಸೌಕರ್ಯ. ಒಂದು ಗಂಟೆಯ ಉಪನ್ಯಾಸದಲ್ಲಿ ನಲವತ್ತನೆಯ ನಿಮಿಷವನ್ನಷ್ಟೇ ನೋಡಬೇಕಾದವನಿಗೆ ಮೊದಲ ಮೂವತ್ತೊಂಬತ್ತು ನಿಮಿಷಗಳ ಕಡತವು ಬೇಕಾಗಿಲ್ಲ. ಕಡತದ ಇಂತಿಷ್ಟು ಭಾಗವನ್ನು ಮಾತ್ರ ಕೊಡೆಂದು ಬ್ರೌಸರು ದೂರದ ಗಣಕವನ್ನು ಕೇಳಬಲ್ಲದು. ಇದನ್ನೇ ಮುಂದುವರಿಸಿ, ವೀಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಡುತ್ತಾರೆ. ಸಂಪರ್ಕವು ಚೆನ್ನಾಗಿರುವಾಗ ಸ್ಪಷ್ಟವಾದ ತುಂಡೂ, ದುರ್ಬಲವಾದಾಗ ಮಸುಕಾದ ತುಂಡೂ ಬರುತ್ತದೆ. ಆದುದರಿಂದ ಬೆಂಗಳೂರಿನಲ್ಲಿ ಒಬ್ಬನು ನೋಡಿದ ವೀಡಿಯೊವೂ ಮಲೆನಾಡಿನ ಹಳ್ಳಿಯಲ್ಲಿ ಇನ್ನೊಬ್ಬನು ನೋಡಿದ ವೀಡಿಯೊವೂ ಅಕ್ಷರಶಃ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಎರಡನೆಯದು, ಕ್ಷಣದ ವಿಳಾಸ. ವೀಡಿಯೊವಿನ ವಿಳಾಸದ ಕೊನೆಗೆ ಆರಂಭದ ಮತ್ತು ಅಂತ್ಯದ ಸೆಕೆಂಡುಗಳನ್ನು ಬರೆದು ಬೇಕಾದ ಖಂಡವನ್ನು ಮಾತ್ರ ಸೂಚಿಸುವ ಕ್ರಮವು ೨೦೧೨ರಲ್ಲಿ ಮಾನಕವಾಯಿತು. ಇತಿಹಾಸದ ವಿದ್ಯಾರ್ಥಿಗೆ ಇದರ ಬೆಲೆ ಒಡನೆಯೇ ಗೋಚರವಾಗುತ್ತದೆ. ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನಕ್ಕೆ ತಾಲ್ಲೂಕಿನ ಹೆಸರೂ ಕ್ರಮಸಂಖ್ಯೆಯೂ ಇವೆ. ಪಾಠದ ಪಂಕ್ತಿಯನ್ನು ಎಣಿಸಿ ಹೇಳಬಹುದು. ಹಾಗೆ ಹೇಳಿದ ಮಾತನ್ನು ಯಾರಾದರೂ ಪರೀಕ್ಷಿಸಬಹುದು. ವೀಡಿಯೊವಿಗೆ ಸೆಕೆಂಡೇ ಪಂಕ್ತಿ.

ಮೂರನೆಯದು, ಜೊತೆಗೆ ಸಾಗುವ ಪಠ್ಯ. ವೀಡಿಯೊದ ಮಾತನ್ನು ಕಾಲಸೂಚನೆಯೊಡನೆ ಸರಳ ಪಠ್ಯವಾಗಿ ಬರೆದಿಡುವ ವೆಬ್‌ವಿಟಿಟಿ ಎಂಬ ಕ್ರಮವೊಂದಿದೆ. ಇದರ ಕಡತವು ಯೂನಿಕೋಡಿನ ಯುಟಿಎಫ್-೮ ರೂಪದಲ್ಲಿಯೇ ಇರತಕ್ಕದ್ದು. ಆದಕಾರಣ ಕನ್ನಡದ ಮಾತು ಕನ್ನಡ ಲಿಪಿಯಲ್ಲಿಯೇ ನಿಲ್ಲುತ್ತದೆ. ಕಿವಿ ಕೇಳದವರಿಗೆ ಇದು ಓದುವ ದಾರಿ. ಸಂಶೋಧಕನಿಗೆ ಹುಡುಕುವ ದಾರಿ.

ನಾಲ್ಕನೆಯದು, ಚಿತ್ರದ ಬಿಂದುಗಳನ್ನೇ ಮುಟ್ಟುವ ಅವಕಾಶ. ಓಡುತ್ತಿರುವ ವೀಡಿಯೊದ ಒಂದೊಂದು ಚಿತ್ರವನ್ನೂ ಕ್ಯಾನ್ವಾಸ್ ಎಂಬ ಫಲಕದ ಮೇಲೆ ಬರೆಯಿಸಿ, ಅದರ ಬಣ್ಣ, ಬೆಳಕು, ಆಕಾರಗಳನ್ನು ಪುಟದೊಳಗಿನ ಕ್ರಮವಿಧಿಯಿಂದ ಬದಲಾಯಿಸಬಹುದು. ಓರೆಬೆಳಕಿನಲ್ಲಿ ಚಿತ್ರೀಕರಿಸಿದ ಸವೆದ ಶಾಸನವೊಂದರಲ್ಲಿ ಬೆಳಕು-ನೆರಳುಗಳ ಅಂತರವನ್ನು ಹೆಚ್ಚಿಸಿ ಅಕ್ಷರವನ್ನು ಅರಸುವುದು ಇಂಥ ಒಂದು ಬಳಕೆ.

೪

ಈ ಸೌಲಭ್ಯಗಳನ್ನು ಕಲಾವಿದರು ಮೊದಲೇ ಗುರುತಿಸಿದರು. ೨೦೧೦ರ ಆಗಸ್ಟಿನಲ್ಲಿ ಕ್ರಿಸ್ ಮಿಲ್ಕ್ ಎಂಬ ನಿರ್ದೇಶಕರು ಆರ್ಕೇಡ್ ಫೈರ್ ಎಂಬ ಕೆನಡಾದ ಗಾಯಕವೃಂದದ ಹಾಡಿಗಾಗಿ ಗೂಗಲ್ ಸಂಸ್ಥೆಯವರೊಡನೆ ‘ದಿ ವೈಲ್ಡರ್‌ನೆಸ್ ಡೌನ್‌ಟೌನ್’ ಎಂಬ ಕೃತಿಯನ್ನು ರಚಿಸಿದರು. ನೋಡುವವನು ತಾನು ಬಾಲ್ಯದಲ್ಲಿ ವಾಸಿಸಿದ ಮನೆಯ ವಿಳಾಸವನ್ನು ಬರೆಯಬೇಕು. ಬಳಿಕ ತೆರೆಯ ಮೇಲೆ ಹಲವು ಕಿಟಕಿಗಳು ತೆರೆಯುತ್ತವೆ. ಒಂದರಲ್ಲಿ ಓಡುವ ಬಾಲಕನ ವೀಡಿಯೊ, ಮತ್ತೊಂದರಲ್ಲಿ ಆತನದೇ ಬೀದಿಯ ಚಿತ್ರ, ಇನ್ನೊಂದರಲ್ಲಿ ಮೇಲಿನಿಂದ ಕಂಡ ನಕ್ಷೆ. ಎಲ್ಲ ಪ್ರೇಕ್ಷಕರಿಗೂ ಒಂದೇ ಆಗಿರಬೇಕಾದ ಚಿತ್ರವು ಇಲ್ಲಿ ಒಬ್ಬೊಬ್ಬನಿಗೆ ಒಂದೊಂದಾಯಿತು.

ಮರುವರ್ಷ ಕೆನಡಾದ ರಾಷ್ಟ್ರೀಯ ಚಲಚ್ಚಿತ್ರ ಮಂಡಳಿಯು ಕತೆರಿನಾ ಸಿಜೆಕ್ ಅವರ ನಿರ್ದೇಶನದಲ್ಲಿ ‘ಒನ್ ಮಿಲಿಯನ್ತ್ ಟವರ್’ ಎಂಬ ಸಾಕ್ಷ್ಯಚಿತ್ರವನ್ನು ಬ್ರೌಸರಿಗಾಗಿಯೇ ಸಿದ್ಧಪಡಿಸಿತು. ಟೊರಾಂಟೊ ನಗರದ ಬಹುಮಹಡಿ ಕಟ್ಟಡವೊಂದರ ನಿವಾಸಿಗಳು ವಾಸ್ತುಶಿಲ್ಪಿಗಳ ಜೊತೆಗೂಡಿ ತಮ್ಮ ಸುತ್ತಣ ಬಯಲನ್ನು ಹೇಗೆ ಹಸನುಮಾಡಬಹುದೆಂದು ಕಲ್ಪಿಸಿಕೊಂಡದ್ದೇ ಅದರ ವಸ್ತು. ಪ್ರೇಕ್ಷಕನು ಮೂರು ಆಯಾಮಗಳ ಆ ನೆಲದಲ್ಲಿ ತಿರುಗಾಡಬಹುದಾಗಿತ್ತು.

೨೦೧೨ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಪ್ರಕಟಿಸಿದ ‘ಸ್ನೋ ಫಾಲ್’ ಎಂಬ ಲೇಖನವು ಬೇರೊಂದು ದಾರಿ ಹಿಡಿಯಿತು. ವಾಷಿಂಗ್ಟನ್ ರಾಜ್ಯದ ಹಿಮಕುಸಿತವೊಂದರ ಕಥನವದು. ಓದುಗನು ಪುಟವನ್ನು ಸರಿಸಿದಂತೆ ನಿಶ್ಶಬ್ದವಾದ ಕಿರುವೀಡಿಯೊಗಳು ಬರಹದ ನಡುವೆ ತಾವಾಗಿ ಚಲಿಸುತ್ತಿದ್ದುವು. ಅಲ್ಲಿ ವೀಡಿಯೊವು ಬರಹವನ್ನು ತಳ್ಳಿ ನಿಲ್ಲಲಿಲ್ಲ. ಅಲ್ಪವಿರಾಮದಂತೆ ಅದರೊಳಗೆ ಕುಳಿತಿತು. ಆ ಲೇಖನಕ್ಕೆ ೨೦೧೩ರಲ್ಲಿ ಪುಲಿಟ್ಜರ್ ಬಹುಮಾನವು ದೊರೆಯಿತು. ಇದರ ಅನುಕರಣೆಗಳು ಹೇರಳವಾಗಿ ಬಂದುವು. ಕೇಳದೆಯೇ ಗದ್ದಲವೆಬ್ಬಿಸುವ ವೀಡಿಯೊಗಳೂ ಹೆಚ್ಚಿದುವು. ೨೦೧೮ರಲ್ಲಿ ಕ್ರೋಮ್ ಬ್ರೌಸರು ಬಳಕೆದಾರನ ಅಪೇಕ್ಷೆಯಿಲ್ಲದೆ ಧ್ವನಿಯೊಡನೆ ತಾನಾಗಿ ಓಡುವ ವೀಡಿಯೊಗಳಿಗೆ ಕಡಿವಾಣ ಹಾಕಿತು.

೫

ವ್ಯವಹಾರದ ಉಪಯೋಗಗಳಲ್ಲಿ ನಮ್ಮ ಕ್ಷೇತ್ರಕ್ಕೆ ಹತ್ತಿರವಾದುದು ಮೌಖಿಕ ಇತಿಹಾಸ. ಹತ್ಯಾಕಾಂಡದಿಂದ ಪಾರಾದ ಯೆಹೂದ್ಯರ ಮತ್ತು ಇತರರ ಹೇಳಿಕೆಗಳನ್ನು ಸಂಗ್ರಹಿಸಲು ೧೯೯೪ರಲ್ಲಿ ಆರಂಭವಾದ ಶೋವಾ ಪ್ರತಿಷ್ಠಾನವು ಐವತ್ತು ಸಾವಿರಕ್ಕೂ ಮಿಕ್ಕ ಸಾಕ್ಷ್ಯಗಳನ್ನು ಹೊಂದಿದೆ. ಅವನ್ನು ನಿಮಿಷ ನಿಮಿಷವಾಗಿ ವಿಂಗಡಿಸಿ ವಿಷಯಸೂಚಿಯನ್ನು ರಚಿಸಿರುವುದರಿಂದ, ಒಂದು ಊರಿನ ಅಥವಾ ಒಂದು ಘಟನೆಯ ಪ್ರಸ್ತಾಪವಿರುವ ಸ್ಥಳಕ್ಕೇ ಸಂಶೋಧಕನು ನೇರವಾಗಿ ಹೋಗಬಹುದು. ಕೆಂಟಕಿ ವಿಶ್ವವಿದ್ಯಾನಿಲಯವು ೨೦೦೮ರಿಂದ ರೂಪಿಸಿದ ಓಎಚ್ಎಂಎಸ್ ಎಂಬ ವ್ಯವಸ್ಥೆಯು ಸಂದರ್ಶನದ ಲಿಖಿತಪಾಠವನ್ನೂ ಧ್ವನಿ-ದೃಶ್ಯಗಳನ್ನೂ ಬ್ರೌಸರಿನಲ್ಲಿ ಒಂದಕ್ಕೊಂದು ಕಟ್ಟುತ್ತದೆ. ಪಾಠದಲ್ಲಿ ಒಂದು ಪದವನ್ನು ಹುಡುಕಿದರೆ ಆ ಪದವು ಉಚ್ಚರಿಸಲ್ಪಟ್ಟ ಗಳಿಗೆಯು ತೆರೆದುಕೊಳ್ಳುತ್ತದೆ. ಭಾರತದ ವಿಭಜನೆಯನ್ನು ಕಂಡವರ ನೆನಪುಗಳನ್ನು ೨೦೧೦ರಿಂದ ಸಂಗ್ರಹಿಸುತ್ತಿರುವ ೧೯೪೭ ಪಾರ್ಟಿಷನ್ ಆರ್ಕೈವ್ ಸಂಸ್ಥೆಯ ಕೆಲವು ಸಂದರ್ಶನಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರಂಥಾಲಯವು ಜಾಲದಲ್ಲಿ ಒದಗಿಸಿದೆ.

ಇದರಿಂದ ಮೌಖಿಕ ಸಾಕ್ಷ್ಯದ ಒಂದು ಹಳೆಯ ಕೊರತೆಯು ನೀಗಿತು. ಲಿಖಿತಪಾಠದಲ್ಲಿ ಮಾತು ಉಳಿಯುತ್ತದೆ. ಮಾತಿನ ನಡುವಣ ಮೌನ, ತಡವರಿಕೆ, ಕಣ್ಣಂಚಿನ ನೀರು ಉಳಿಯುವುದಿಲ್ಲ. ದೃಶ್ಯದಲ್ಲಿ ಅವೆಲ್ಲವೂ ಉಳಿಯುತ್ತವೆ. ಆದರೆ ಹುಡುಕಲು ಬರುವುದಿಲ್ಲ. ಎರಡನ್ನೂ ಸೆಕೆಂಡಿನ ದಾರದಿಂದ ಹೊಲಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಎರಡನೆಯ ಉಪಯೋಗವು ನೇರ ಸಂಭಾಷಣೆ. ಗೂಗಲ್ ೨೦೧೧ರಲ್ಲಿ ಬಹಿರಂಗಗೊಳಿಸಿದ ವೆಬ್‌ಆರ್‌ಟಿಸಿ ಎಂಬ ವ್ಯವಸ್ಥೆಯಿಂದ ಕ್ಯಾಮರ ಮತ್ತು ಧ್ವನಿಗ್ರಾಹಕಗಳನ್ನು ಬ್ರೌಸರೇ ಬಳಸಿ, ಪ್ಲಗಿನ್ ಇಲ್ಲದೆ ಇಬ್ಬರನ್ನು ಮುಖಾಮುಖಿಯಾಗಿಸುವುದು ಸಾಧ್ಯವಾಯಿತು. ಅದು ೨೦೨೧ರ ಜನವರಿಯಲ್ಲಿ ಮಾನಕವಾದಾಗ, ಕೋವಿಡ್ ದಿಗ್ಬಂಧನದ ಕಾರಣದಿಂದ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಇಂಥ ಪಾಠಪ್ರವಚನಗಳಿಗೆ ಆಗಲೇ ಒಗ್ಗಿಹೋಗಿದ್ದರು.

ಮೂರನೆಯದು, ಸಾರ್ವಜನಿಕ ಸಂಸ್ಥೆಗಳ ಕಲಾಪಗಳ ನೇರಪ್ರಸಾರ. ನ್ಯಾಯಾಲಯದ ಕಲಾಪವನ್ನು ನೋಡುವುದು ಪ್ರಜೆಗಳ ಹಕ್ಕೆಂಬ ಅಭಿಪ್ರಾಯವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ೨೦೨೨ರ ಫೆಬ್ರವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಹಿಜಾಬ್ ಪ್ರಕರಣದ ವಾದವಿವಾದಗಳನ್ನು ನೇರವಾಗಿ ಪ್ರಸಾರ ಮಾಡಿದಾಗ, ನಾಡಿನ ಜನರು ಮನೆಯಲ್ಲಿಯೇ ಕುಳಿತು ಅವನ್ನು ಆಲಿಸಿದರು. ಹಿಂದಿನ ಕಾಲದಲ್ಲಿ ಇಂಥ ವಾದಗಳ ಚರಿತ್ರೆಯನ್ನು ತೀರ್ಪಿನ ಪ್ರತಿಯಿಂದಲೂ ಪತ್ರಿಕೆಗಳ ವರದಿಯಿಂದಲೂ ಊಹಿಸಬೇಕಾಗಿತ್ತು. ಈಗ ವಾದದ ಓಟವೇ ಕಣ್ಣೆದುರಿಗಿದೆ. ಇದರೊಂದಿಗೆ ಒಂದು ತೊಡಕೂ ಬಂದಿತು. ಕಲಾಪಗಳಿಂದ ಕತ್ತರಿಸಿ ತೆಗೆದ ತುಣುಕುಗಳು ಹಿಂದುಮುಂದಿನ ಸಂಬಂಧವಿಲ್ಲದೆ ಹರಡತೊಡಗಿದುವು. ೨೦೨೪ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯವು ಅವುಗಳ ಅನಧಿಕೃತ ಬಳಕೆಯನ್ನು ತಡೆಯುವ ಮಧ್ಯಂತರ ಆಜ್ಞೆಯನ್ನು ಹೊರಡಿಸಬೇಕಾಯಿತು.

೬

ಇಷ್ಟು ಉಪಯೋಗಗಳುಳ್ಳ ಈ ಆಕರವು ಎಷ್ಟು ಭದ್ರವಾದುದು? ಎರಡು ನಿದರ್ಶನಗಳನ್ನು ಪರಿಶೀಲಿಸೋಣ.

೨೦೦೧ರ ಸೆಪ್ಟೆಂಬರ್ ೧೧ರಂದು ಅಮೆರಿಕದ ಮೇಲೆ ನಡೆದ ಆಕ್ರಮಣವು ಅಂತರ್ಜಾಲದ ಯುಗದ ಮೊದಲ ಮಹಾಘಟನೆಗಳಲ್ಲಿ ಒಂದು. ಅದನ್ನು ವಿವರಿಸಲು ಅಲ್ಲಿನ ಪತ್ರಿಕೆಗಳು ಫ್ಲಾಷಿನಲ್ಲಿ ವಿಶೇಷ ಪುಟಗಳನ್ನು ಕಟ್ಟಿದ್ದುವು. ಇಪ್ಪತ್ತು ವರ್ಷಗಳ ಬಳಿಕ, ೨೦೨೧ರಲ್ಲಿ, ಅವುಗಳಲ್ಲಿ ಹಲವು ತೆರೆಯದಾದುವು. ಅವನ್ನು ಯಾರೂ ಸುಡಲಿಲ್ಲ, ಯಾರೂ ಅಳಿಸಲಿಲ್ಲ. ಪೆಟ್ಟಿಗೆ ಇದ್ದ ಹಾಗೆಯೇ ಇದ್ದು ಬೀಗದ ಕೈ ಮಾತ್ರ ಕಳೆದುಹೋಯಿತು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ೨೦೨೦ರ ನವೆಂಬರಿನಿಂದ ರಫಲ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಫ್ಲಾಷ್ ಕೃತಿಗಳನ್ನು ಮತ್ತೆ ಓಡಿಸುವ ಕಾರ್ಯವನ್ನು ಕೈಗೊಂಡಿದೆ. ಉದ್ಧಾರವಾದವು ಹಲವು, ಆದರೆ ಎಲ್ಲವೂ ಆಗಿಲ್ಲ.

ಎರಡನೆಯ ನಿದರ್ಶನವು ಇನ್ನೂ ಗಂಭೀರವಾದುದು. ೨೦೧೭ರ ಆಗಸ್ಟ್ ೧೫ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾ ದೇಶದ ಸೇನಾನಾಯಕ ಮಹಮೂದ್ ಅಲ್-ವರ್ಫಲ್ಲಿಯ ಬಂಧನಕ್ಕೆ ಆಜ್ಞೆ ಹೊರಡಿಸಿತು. ಆ ಆಜ್ಞೆಯು ಆಧಾರವಾಗಿ ಪರಿಗಣಿಸಿದ ಸಾಮಗ್ರಿಯಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟವಾಗಿದ್ದ ಹತ್ಯೆಯ ವೀಡಿಯೊಗಳು ಮುಖ್ಯವಾಗಿದ್ದುವು. ಅದೇ ತಿಂಗಳಿನಲ್ಲಿ, ಹಿಂಸೆಯನ್ನು ಗುರುತಿಸುವ ಯಾಂತ್ರಿಕ ವ್ಯವಸ್ಥೆಯೊಂದು ಸಿರಿಯಾದ ಅಂತರ್ಯುದ್ಧವನ್ನು ದಾಖಲಿಸಿದ್ದ ಬಹುಸಂಖ್ಯೆಯ ವೀಡಿಯೊಗಳನ್ನು ಯೂಟ್ಯೂಬಿನಿಂದ ಕಿತ್ತುಹಾಕಿತೆಂಬ ದೂರು ಬಂದಿತು. ಕೆಲವನ್ನು ಬಳಿಕ ಮತ್ತೆ ಸ್ಥಾಪಿಸಲಾಯಿತು. ಇಂಥ ದಾಖಲೆಗಳನ್ನು ಪ್ರತ್ಯೇಕವಾಗಿ ಕಾಪಿಡಲು ಸಿರಿಯನ್ ಆರ್ಕೈವ್ ಎಂಬ ಯೋಜನೆಯು ೨೦೧೪ರಿಂದಲೇ ದುಡಿಯುತ್ತಿತ್ತು. ಒಂದೇ ಬಗೆಯ ವೀಡಿಯೊ ಒಂದೆಡೆ ನ್ಯಾಯಾಲಯದ ಸಾಕ್ಷ್ಯವಾಯಿತು, ಇನ್ನೊಂದೆಡೆ ಯಂತ್ರದ ಕಣ್ಣಿಗೆ ಕಸವಾಯಿತು. ಪ್ರಕಟವಾದದ್ದೆಲ್ಲವೂ ಸಂರಕ್ಷಿತವಾಗಿದೆಯೆಂಬ ಭ್ರಮೆಯನ್ನು ಬಿಡುವುದೇ ಇದರಿಂದ ಕಲಿಯಬೇಕಾದ ಪಾಠ.

ಮುಕ್ತ ಮಾನಕಗಳು ಬಂದ ಬಳಿಕವೂ ಬೀಗಗಳು ಪೂರ್ತಿಯಾಗಿ ಮಾಯವಾಗಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ವಾಣಿಜ್ಯ ಚಲಚ್ಚಿತ್ರಗಳನ್ನು ಗೂಢಲಿಪಿಯಲ್ಲಿ ಕಳುಹಿಸಿ, ಅನುಮತಿಯುಳ್ಳ ಬ್ರೌಸರಿನಲ್ಲಿ ಮಾತ್ರ ಬಿಡಿಸುವ ಕ್ರಮವು ೨೦೧೭ರ ಸೆಪ್ಟೆಂಬರಿನಲ್ಲಿ ಮಾನಕಗಳ ಪಟ್ಟಿಗೆ ಸೇರಿತು. ಇದನ್ನು ವಿರೋಧಿಸಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆಯು ಮಾನಕ ಮಂಡಳಿಯ ಸದಸ್ಯತ್ವಕ್ಕೆ ರಾಜೀನಾಮೆ ನೀಡಿತು. ಕೃತಿಸ್ವಾಮ್ಯದ ರಕ್ಷಣೆ ಅವಶ್ಯಕವೆಂಬುದು ಒಂದು ಪಕ್ಷ. ಗ್ರಂಥಾಲಯಗಳೂ ಸಂಶೋಧಕರೂ ಪ್ರತಿ ಮಾಡಿಟ್ಟುಕೊಳ್ಳಲಾರದ ವಸ್ತು ಮುಂದಿನ ತಲೆಮಾರಿಗೆ ದೊರೆಯುವುದು ಹೇಗೆಂಬುದು ಇನ್ನೊಂದು ಪಕ್ಷ. ಇತಿಹಾಸದ ವಿದ್ಯಾರ್ಥಿಯು ಎರಡನೆಯ ಪಕ್ಷದ ಚಿಂತೆಯನ್ನು ಲಘುವಾಗಿ ಕಾಣಲಾರ.

೭

ಮೇಲಿನ ವಿವೇಚನೆಯಿಂದ ಸಂಶೋಧಕರಿಗೆ ಉಪಯುಕ್ತವಾದ ಕೆಲವು ವಿಧಿಗಳನ್ನು ನಿರೂಪಿಸಬಹುದು.

(೧) ವೀಡಿಯೊವನ್ನು ಉಲ್ಲೇಖಿಸುವಾಗ ವಿಳಾಸ, ಪ್ರಕಟಿಸಿದವರ ಹೆಸರು, ಪ್ರಕಟವಾದ ದಿನ, ನೋಡಿದ ದಿನ, ಸಂಬಂಧಪಟ್ಟ ಖಂಡದ ಆರಂಭ ಮತ್ತು ಅಂತ್ಯದ ಸೆಕೆಂಡುಗಳು ಇವಿಷ್ಟನ್ನೂ ಕೊಡತಕ್ಕದ್ದು.

(೨) ತುಣುಕನ್ನು ಮಾತ್ರ ನೋಡಿ ನಿರ್ಣಯಕ್ಕೆ ಬರಬಾರದು. ಖಂಡಿತವಾದ ಶಾಸನದಲ್ಲಿ ಕಲ್ಲು ಒಡೆದಿರುವುದು ಕಣ್ಣಿಗೆ ಕಾಣುತ್ತದೆ; ಕತ್ತರಿಸಿದ ವೀಡಿಯೊದಲ್ಲಿ ಒಡಕು ಕಾಣುವುದಿಲ್ಲ. ಆದುದರಿಂದ ಮೂಲವನ್ನು ಹುಡುಕಿ ಹಿಂದುಮುಂದನ್ನು ನೋಡುವ ಕರ್ತವ್ಯವು ಇಲ್ಲಿ ಇಮ್ಮಡಿಯಾಗುತ್ತದೆ.

(೩) ಕಾನೂನು ಒಪ್ಪುವಲ್ಲೆಲ್ಲ ಒಂದು ಪ್ರತಿಯನ್ನು ವಿಭಾಗದ ಭಂಡಾರದಲ್ಲಿ ಇಡತಕ್ಕದ್ದು. ಆ ಪ್ರತಿಯ ಬಿಟ್‌ಗಳಿಂದ ಲೆಕ್ಕಹಾಕಿ ಪಡೆದ ಮುದ್ರೆಸಂಖ್ಯೆಯನ್ನು ದಾಖಲೆಯಲ್ಲಿ ಬರೆದಿಟ್ಟರೆ, ಪ್ರತಿಯು ಮುಂದೆ ಬದಲಾಗಿದೆಯೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

(೪) ನಮ್ಮ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಸಂಗ್ರಹಿಸುವ ಸಂದರ್ಶನಗಳನ್ನು ಮುಕ್ತ ಸ್ವರೂಪದಲ್ಲಿಯೇ ಉಳಿಸಿ, ಕಾಲಸೂಚನೆಯುಳ್ಳ ಕನ್ನಡ ಪಾಠವನ್ನು ಜೊತೆಗಿಡತಕ್ಕದ್ದು. ಹೇಳಿದವರ ಒಪ್ಪಿಗೆಯ ಪತ್ರವೂ ಅದರೊಡನೆ ಇರಬೇಕೆಂದು ಬೇರೆಯಾಗಿ ಹೇಳಬೇಕಾದುದಿಲ್ಲ.

ಈ ನಾಲ್ಕರಲ್ಲಿ ಕೊನೆಯದು ನಮ್ಮ ಕೈಯಲ್ಲಿಯೇ ಇರುವ ಕೆಲಸ. ಏಕೀಕರಣದ ದಿನಗಳನ್ನು ಕಂಡವರು, ಮುಳುಗಡೆಯಿಂದ ಊರು ಬಿಟ್ಟವರು, ಕೈಮಗ್ಗ ನಿಂತುಹೋದದ್ದನ್ನು ನೋಡಿದವರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಅವರ ಮಾತನ್ನು ದಾಖಲಿಸುವ ಕ್ಯಾಮರ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಫೋನಿನಲ್ಲಿದೆ. ತೋರಿಸುವ ಸಾಧನವು ಪ್ರತಿ ಬ್ರೌಸರಿನಲ್ಲಿದೆ. ಮಾತನ್ನು ಕೇಳಿ, ಪಾಠವನ್ನು ಬರೆದು, ಸೆಕೆಂಡುಗಳನ್ನು ಗುರುತುಹಾಕಿ, ಮುಂದೆಯೂ ತೆರೆಯುವ ರೂಪದಲ್ಲಿ ಇಡುವ ತಾಳ್ಮೆಯೊಂದನ್ನು ನಾವು ಒದಗಿಸಬೇಕಾಗಿದೆ.